ಕರಿಹೆಂಟೆಯ ಗುಂಡಿ

ಕೋಡುಮಲೆಯ ದೊರೆ ಚಂಗರಸನಿಗೆ ಎರಡು ಹೆಮ್ಮೆ. ಆಡಿದ ಮಾತನ್ನು ಎಂದೂ ಹಿಂದಕ್ಕೆ ತೆಗೆದುಕೊಂಡವನಲ್ಲ. ದಿನಕ್ಕೆ ಮೂರು ಹೊತ್ತು ಬಿಸಿನೀರಿನ ಸ್ನಾನ ತಪ್ಪಿಸಿದವನಲ್ಲ.

ಅಷ್ಟು ನೀರು ಕಾಯಿಸಲು ಸೌದೆ ಸಾಲದೆ, ಮಂತ್ರಿ ನಂಜರಸ ಊರ ಮೇಲಿನ ಜೌಗಿಗೆ ಕೈಹಾಕಿದ್ದ. ಅಲ್ಲಿ ಸತ್ತ ಹುಲ್ಲು ಕೊಳೆಯದೆ ಪದರ ಪದರವಾಗಿ ಕೂತು ಕರಿಮಣ್ಣಾಗಿತ್ತು. ಕಾಲುವೆ ತೋಡಿ ನೀರು ಬಸಿದು, ಆ ಮಣ್ಣನ್ನು ಹೆಂಟೆಗಳಾಗಿ ಕಡಿದು ಒಣಗಿಸಿದರೆ ಸೊಗಸಾಗಿ ಉರಿಯುತ್ತಿತ್ತು. ಜೌಗನ್ನು ಕಾಪಾಡಲು ಅರಮನೆಯಲ್ಲಿ ಒಂದು ಮಂಡಲಿಯೂ ಇತ್ತು. ಮಂಡಲಿಯವರಿಗೆ ಚಳಿಯಾಗಬಾರದೆಂದು ಅಗ್ಗಿಷ್ಟಿಕೆಗೆ ಅದೇ ಹೆಂಟೆ ಹಾಕುತ್ತಿದ್ದರು.

ಒಂದು ದಿನ ಎಮ್ಮೆ ಸಾಕುವ ಮಾಸಮ್ಮ ಆಸ್ಥಾನಕ್ಕೆ ಬಂದಳು. "ಜೌಗು ಬಸಿದ ಮೇಲೆ ಕೆಳಗಿನ ಝರಿ ಬತ್ತಿಹೋಗೈತೆ ಬುದ್ಧಿ. ಎಮ್ಮೆಗಳು ನೀರಿಲ್ದೆ ಸಾಯ್ತಾವೆ. ಅಗೆಯೋದು ನಿಲ್ಲಿಸಿ."

"ಹುಲ್ಲು ಕೊಯ್ದರೆ ಮತ್ತೆ ಬೆಳೆಯುವುದಿಲ್ಲವೇನಮ್ಮ?" ಎಂದ ದೊರೆ. "ಅಗೆದ ಗುಂಡಿಯೂ ಹಾಗೆಯೇ ತಾನಾಗಿ ತುಂಬಿಕೊಳ್ಳುತ್ತದೆ."

ಸಭೆಯೆಲ್ಲ ತಲೆದೂಗಿತು. ಎಲ್ಲರಿಗಿಂತ ಜೋರಾಗಿ ತಲೆದೂಗಿದವನು ಆಸ್ಥಾನದ ವಿದೂಷಕ ದುಗ್ಗಪ್ಪ.

"ಪ್ರಭುಗಳ ಮಾತು ನಿಜ. ಗುಂಡಿ ತುಂಬಿಸುವ ಕೆಲಸ ನನಗೇ ಕೊಡಿ. ಕಾಲುವೆ ಮುಚ್ಚಿಸುತ್ತೇನೆ. ಒಂದೇ ಒಂದು ಗುಂಡಿ ಮೊದಲಿನಂತೆ ತುಂಬುವವರೆಗೆ ಜೌಗಿನಲ್ಲಿ ಯಾರೂ ಗುದ್ದಲಿ ಹಾಕಬಾರದು. ತುಂಬಿದ ಮರುದಿನ ನಾನೇ ಅಗೆದುಕೊಡುತ್ತೇನೆ."

ನಂಜರಸನಿಗೆ ಅನುಮಾನ ಬಂತು. "ಇವನು ಹೊರಗಿನ ಮಣ್ಣು ಸುರಿದು ಮೋಸ ಮಾಡುತ್ತಾನೆ. ಒಂದು ಹಿಡಿ ಹೊರಗಿನ ಮಣ್ಣು ಬಿದ್ದರೂ ಇವನ ತಲೆ ಬೋಳಿಸಿ ಗಡಿಪಾರು ಮಾಡಬೇಕು. ತಾನಾಗಿ ಬೆಳೆದ ಕರಿಮಣ್ಣೇ ಆಗಬೇಕು."

"ಅದನ್ನೂ ಬರೆಸಿ ಸ್ವಾಮಿ," ಎಂದ ದುಗ್ಗಪ್ಪ ಮುಖ ಸಣ್ಣದು ಮಾಡಿಕೊಂಡು.

"ಎಷ್ಟು ದಿನ ಬೇಕು?" ಎಂದು ದೊರೆ ಕೇಳಿದ.

"ದಿನ ಗೊತ್ತುಮಾಡಿದರೆ ಪ್ರಭುಗಳ ಮಾತನ್ನೇ ಶಂಕಿಸಿದಂತಾಗುತ್ತದೆ."

ದೊರೆ ಉಬ್ಬಿಹೋದ. ಅಪ್ಪಣೆಯನ್ನು ತಾಮ್ರದ ಹಲಗೆಯ ಮೇಲೆ ಕೊರೆಸಿ ಮುದ್ರೆ ಒತ್ತಿಸಿದ.

ವರ್ಷ ಕಳೆಯಿತು. ಅರಮನೆಯಲ್ಲಿ ಕೂಡಿಟ್ಟ ಹೆಂಟೆ ತಳ ಕಂಡಿತು. ದೊರೆ ಮಂತ್ರಿಯೊಡನೆ ಜೌಗಿಗೆ ಧಾವಿಸಿದ. ಆಳೆತ್ತರದ ಗುಂಡಿಯೊಳಗೆ ದುಗ್ಗಪ್ಪ ಕೆಸರುನೀರಿನಲ್ಲಿ ನಿಂತಿದ್ದ. ಮೇಲಿನಿಂದ ಅವನ ಪೇಟ ಮಾತ್ರ ಕಾಣುತ್ತಿತ್ತು.

"ಏನೋ ಇದು? ಎಷ್ಟು ತುಂಬಿತು?"

"ಪ್ರಭುಗಳ ಪುಣ್ಯ, ಎಳ್ಳುಕಾಳಿನಷ್ಟು ತುಂಬಿದೆ."

"ವರ್ಷಕ್ಕೆ ಒಂದು ಎಳ್ಳುಕಾಳೇ?"

"ಮಳೆ ಒಳ್ಳೆಯದಿತ್ತು, ಅದಕ್ಕೇ ಇಷ್ಟು. ತಮ್ಮ ವಂಶ ಎಷ್ಟು ವರ್ಷದ್ದು ಪ್ರಭು?"

"ನಾನೂರು," ಎಂದ ದೊರೆ ಎದೆಯುಬ್ಬಿಸಿ.

"ತಮ್ಮ ಮೂಲಪುರುಷರು ಪಟ್ಟಕ್ಕೆ ಬಂದ ದಿನವೇ ಇದು ತುಂಬಲು ಶುರುವಾಗಿದ್ದರೆ, ಇವತ್ತಿಗೆ ನನ್ನ ಮೊಣಕಾಲು ಮುಟ್ಟುತ್ತಿತ್ತು. ಆ ಮೊಣಕಾಲೆತ್ತರವನ್ನು ತಾವು ಒಂದು ವಾರದಲ್ಲಿ ಬಿಸಿನೀರಾಗಿ ಮೈಮೇಲೆ ಹೊಯ್ದುಕೊಂಡಿರಿ."

ದೊರೆ ಮಂತ್ರಿಯ ಕಡೆ ತಿರುಗಿದ. "ಆ ಅಪ್ಪಣೆ..."

"ತಾಮ್ರದ್ದು ಪ್ರಭು," ಎಂದ ನಂಜರಸ ನೆಲ ನೋಡುತ್ತ. ಹೊರಗಿನ ಮಣ್ಣು ಬೇಡವೆಂದು ಬರೆಸಿದವನೂ ತಾನೇ ಎಂಬುದು ಅವನಿಗೆ ನೆನಪಿತ್ತು.

ದೊರೆ ಬಗ್ಗಿ ಗುಂಡಿಯೊಳಗಿನ ಪೇಟವನ್ನು ನೋಡಿದ. ತಡೆಯಲಾರದೆ ನಕ್ಕುಬಿಟ್ಟ. "ಗೆದ್ದೆ ಕಣೋ. ಆದರೆ ಈ ಗುಂಡಿ ತುಂಬುವವರೆಗೆ ನನ್ನ ಸ್ನಾನದ ಗತಿ ಏನು?"

ದುಗ್ಗಪ್ಪ ಗುಂಡಿಯೊಳಗಿನಿಂದಲೇ ಕೈಮುಗಿದ.

"ಮಾಸಮ್ಮನ ಝರಿಯಲ್ಲಿ ನೀರು ಮತ್ತೆ ಬಂದಿದೆ ಪ್ರಭು. ತಣ್ಣಗಿದೆ. ಆದರೆ ಎಮ್ಮೆಗಳದ್ದು ಮುಗಿಯುವವರೆಗೆ ತಾವು ಸ್ವಲ್ಪ ಕಾಯಬೇಕು."