ಗೋಣಿ ಹೊದ್ದ ರೆಕ್ಕೆ

ಕಡಲಡಿಯಲ್ಲಿ ಎಂಬತ್ತು ವರ್ಷ ಮಲಗಿದ್ದ ಯುದ್ಧವಿಮಾನವೊಂದನ್ನು ಮೇಲೆತ್ತಿ ದಡಕ್ಕೆ ತಂದರು. ಎತ್ತಿಸಿದವರು ವಸ್ತುಸಂಗ್ರಹಾಲಯದ ಒಬ್ಬ ತಜ್ಞೆ. ಕಾವಲಿಗೆ ನಿಂತವನು ಆ ದಡದ ಊರಿನ ಮೀನುಗಾರ ಶೀನ ಮೊಗವೀರ. ಕಡಲಲ್ಲಿ ಬಲೆಗಳು ವಿಮಾನಕ್ಕೆ ಸಿಕ್ಕಿ ಹರಿಯುತ್ತಿದ್ದ ಜಾಗ ತೋರಿಸಿಕೊಟ್ಟವನೂ ಅವನೇ.

ತಜ್ಞೆ ಹೊರಡುವ ಮುನ್ನ ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ವಿಮಾನದ ಮೈಯೊಳಗೆ ಉಪ್ಪು ಹೊಕ್ಕಿದೆ. ಗಾಳಿಗೆ ಒಣಗಿದರೆ ಲೋಹ ಬೂದಿಯಂತೆ ಉದುರುತ್ತದೆ. ಆದ್ದರಿಂದ ಎರಡು ವರ್ಷ ಅದು ಚಪ್ಪರದಡಿ ಒದ್ದೆ ಗೋಣಿ ಹೊದ್ದೇ ಇರಬೇಕು. ದಿನಕ್ಕೆ ನಾಲ್ಕು ಸಲ ಸಿಹಿನೀರು ಹೊಯ್ಯಬೇಕು. ಯಾರು ಕೇಳಿದರೂ ಗೋಣಿ ಎತ್ತಬಾರದು. 'ಯಾರು ಕೇಳಿದರೂ' ಎಂಬುದನ್ನು ಆಕೆ ಎರಡು ಸಲ ಹೇಳಿದರು.

ಶೀನ ಮಾತಿಗೆ ತಪ್ಪುವ ಆಳಲ್ಲ. ಪಂಚಾಯಿತಿ ಅಧ್ಯಕ್ಷರು ನೆಂಟರನ್ನು ಕರೆತಂದು ಒಂದು ಫೋಟೊಗಾದರೂ ಗೋಣಿ ತೆಗೆ ಎಂದಾಗ, ಆಗುವುದಿಲ್ಲ ಎಂದ.

"ಗೋಣಿಗೂ ಒಬ್ಬ ಅರ್ಚಕ ಸಿಕ್ಕಿದ ಮಾರಾಯ, ದಿನಕ್ಕೆ ನಾಲ್ಕು ಅಭಿಷೇಕ ಬೇರೆ," ಎಂದು ಅವರು ಚುಚ್ಚಿ ಹೋದರು. ಶೀನ ನಕ್ಕು, ಕೊಡ ತುಂಬಲು ಹೋದ.

ಮಾರನೆಯ ಬೆಳಿಗ್ಗೆ ಅವನ ತಾಯಿ ಲಚ್ಚಮ್ಮ ಕೋಲೂರಿಕೊಂಡು ಬಂದಳು. ತೊಂಬತ್ತರ ಹತ್ತಿರದ ಮುದುಕಿ. ಮಳೆಗಾಲ ದಾಟುವುದು ಕಷ್ಟ ಎಂದು ವೈದ್ಯರು ಹೇಳಿದ್ದರು. ವಿಮಾನ ಬಿದ್ದ ದಿನ ಅವಳಿಗೆ ಏಳು ವರ್ಷ. ಅದರಲ್ಲಿದ್ದವರನ್ನು ಉಳಿಸಲೆಂದು ಅವಳ ಅಪ್ಪ ದೋಣಿ ಇಳಿಸಿ ಹುಟ್ಟು ಹಾಕಿದ್ದ. ರೆಕ್ಕೆ ಇನ್ನೊಂದು ಗೇಣು ದೂರ ಎನ್ನುವಾಗ ವಿಮಾನ ಮುಳುಗಿಹೋಯಿತು. ಸಾಯುವವರೆಗೂ ಆತ ತನ್ನ ಅಂಗೈ ನೋಡಿಕೊಂಡು, ಒಂದೇ ಒಂದು ಗೇಣು ಎನ್ನುತ್ತಿದ್ದ.

"ಅಪ್ಪನ ಕೈಗೆ ಸಿಗಲಿಲ್ಲ ಮಗಾ. ನನ್ನ ಕೈಗಾದರೂ ಸಿಗಲಿ. ಗೋಣಿ ಒಂಚೂರು ಸರಿಸು."

ಶೀನ ಅತ್ತಿತ್ತ ನೋಡಿದ. ಸುತ್ತ ಯಾರೂ ಇರಲಿಲ್ಲ. ಒಂದು ಮೂಲೆ ಎತ್ತಿದರೆ ಯಾರಿಗೆ ತಿಳಿದೀತು? ಕೈ ಗೋಣಿಯ ತನಕ ಹೋಯಿತು. ಆಗ ಅಧ್ಯಕ್ಷರ ನೆನಪಾಯಿತು. ಅವರಿಗೆ ಆಗುವುದಿಲ್ಲ ಎಂದದ್ದು ವಿಮಾನ ಉಳಿಯಲೆಂದೋ, ಅವರು ತನ್ನವರಲ್ಲವೆಂದೋ? ಕೈ ಹಿಂದೆ ಬಂತು.

"ಆಗುವುದಿಲ್ಲಮ್ಮ," ಎಂದ. ತಲೆಯೆತ್ತದೆ ಉಪ್ಪಿನ ವಿಷಯವನ್ನೆಲ್ಲ ಹೇಳಿದ.

ಜೀವಮಾನವೆಲ್ಲ ಒಣಮೀನು ಮಾರಿದವಳು ಲಚ್ಚಮ್ಮ.

"ಒಂದು ಒಣಮೀನಿನ ಉಪ್ಪು ಬಿಡಲಿಕ್ಕೇ ಮೂರು ನೀರು ಬೇಕು. ಇದು ಎಂಬತ್ತು ವರ್ಷದ ಉಪ್ಪು. ಅವಸರ ಮಾಡಿದ್ದು ನಾನೇ. ಆ ಚೆಂಬು ಇತ್ತ ಕೊಡು."

ಕೋಲು ಬದಿಗಿಟ್ಟು ನೀರು ಹೊಯ್ದಳು. ಆಮೇಲೆ ಒದ್ದೆ ಗೋಣಿಯ ಮೇಲೆಯೇ ಅಂಗೈಯೂರಿದಳು. ಅಡಿಯಲ್ಲಿ ರೆಕ್ಕೆ ತಣ್ಣಗೆ, ಗಟ್ಟಿಯಾಗಿತ್ತು.

"ಸಿಕ್ಕಿತು," ಎಂದಳು.

ಅಂದಿನಿಂದ ಬೆಳಗಿನ ನೀರು ಅವಳದೇ. ಮಳೆಗಾಲದ ನಡುವೆ ಒಂದು ದಿನ ಅವಳು ಬರಲಿಲ್ಲ. ಆ ದಿನವೂ ರೆಕ್ಕೆಗೆ ನಾಲ್ಕು ಸಲ ನೀರು ಬಿತ್ತು.

ಎರಡು ವರ್ಷದ ಮೇಲೆ ತಜ್ಞೆ ಬಂದು ಗೋಣಿ ತೆಗೆಸಿದರು. ಒಂದು ಚೂರೂ ಉದುರಲಿಲ್ಲ. ಮೊದಲು ಮುಟ್ಟುವವರು ಯಾರು ಎಂದು ಅಧ್ಯಕ್ಷರು ಕೇಳಿದಾಗ, ಆಕೆ ಶೀನನತ್ತ ನೋಡಿದರು.

"ಮೊದಲು ಮುಟ್ಟಿದವರು ಮುಟ್ಟಿ ಹೋಗಿಯಾಯಿತು," ಎಂದ ಶೀನ. "ಇನ್ನು ಯಾರಾದರೂ ಮುಟ್ಟಲಿ."

ನೀತಿ: ಪರರಿಗೆ ಹೇಳಿದ 'ಇಲ್ಲ'ವನ್ನು ತನ್ನವರಿಗೂ ಹೇಳಬಲ್ಲವನೇ ನಂಬಿಕೆಗೆ ಯೋಗ್ಯ. ನಿಜವಾದ ಪ್ರೀತಿ ಆ ಮಾತನ್ನು ಮುರಿಸುವುದಿಲ್ಲ. ಚೆಂಬು ಹಿಡಿದು ಜೊತೆಗೆ ನಿಲ್ಲುತ್ತದೆ.