ಟಿಕ್ ಟಿಕ್ ಅನ್ನಬೇಡ ಎನ್ನಿಸಿಕೊಂಡ ವಾಲ್ವು

ಊಟವಾದ ಮೇಲೆ ಗ್ಯಾರೇಜಿನ ಬೆಂಚಿನಲ್ಲಿ ಜೊಂಪು ಹತ್ತಿದರೆ ಇಂಜಿನ್ನಿನ ಬಿಡಿಭಾಗಗಳೂ ಮಾತಾಡುತ್ತವೆ, ನಂಬಿ. ದಿಬ್ಬ ಹತ್ತಲಾರದ ನನ್ನ ಹಳೆಯ ಪುಟ್ಟ ಕಾರಿನ ಮೂರನೇ ಸಿಲಿಂಡರಿಗೆ ಮೇಸ್ತ್ರಿ ಖಾದರ್ ಸಾಬರು ಒತ್ತಡ ಅಳೆಯುವ ಗೇಜು ಸಿಕ್ಕಿಸಿದ್ದರು. ಮುಳ್ಳು ಅರ್ಧದಲ್ಲೇ ನಿಂತಿತು.

"ಗಾಳಿ ಸೋರುತ್ತಿದೆ. ಯಾರ ಕೆಲಸವಿದು?" ಎಂದಿತು ಗೇಜು.

"ನನ್ನದೇ ಇರಬೇಕು, ತುಂಬ ಸವೆದಿದ್ದೇನೆ," ಎಂದಿತು ಪಿಸ್ಟನ್ನಿನ ರಿಂಗು. "ಹಾಗಿದ್ದರೆ ಕಾರನ್ನೇ ಗುಜರಿಗೆ ಹಾಕುತ್ತಾರಂತೆ."

"ಅಳಬೇಡ. ಒಂದು ಚಮಚ ಎಣ್ಣೆ ತೀರ್ಪು ಕೊಡಲಿ," ಎಂದಿತು ಗೇಜು.

ಸಾಬರು ಸಿಲಿಂಡರಿನೊಳಗೆ ಎಣ್ಣೆ ಬಿಟ್ಟರು. ತಪ್ಪು ರಿಂಗಿನದಾಗಿದ್ದರೆ ಎಣ್ಣೆ ಅದರ ಸಂದು ಮುಚ್ಚಿ ಮುಳ್ಳು ಏರಬೇಕಿತ್ತು. ಅದು ಕದಲಲಿಲ್ಲ.

"ಹಾಗಾದರೆ ವಾಲ್ವಮ್ಮ, ನೀನೇ," ಎಂದಿತು ಗೇಜು.

"ನಾನೇ," ಎಂದಿತು ಸಿಲಿಂಡರಿನ ಬಾಯಿ ತೆರೆದು ಮುಚ್ಚುವ ವಾಲ್ವು. "ಮೊದಲು ಟಿಕ್ ಟಿಕ್ ಅನ್ನುತ್ತಿದ್ದೆ. ಯಜಮಾನರಿಗೆ ಆ ಸದ್ದು ಸೇರದೆ ಯಾರ ಕೈಯಲ್ಲೋ ನನ್ನ ಮೇಲಿನ ತಿರುಪು ಬಿಗಿ ಮಾಡಿಸಿದರು. ಸದ್ದೇನೋ ನಿಂತಿತು. ಆದರೆ ಕೂದಲೆಳೆಯಷ್ಟು ಸಡಿಲವಿಲ್ಲದೆ ನಾನು ಪೂರ್ತಿ ಮುಚ್ಚಿಕೊಳ್ಳುವುದು ಹೇಗೆ?"

ದಿಗ್ಗನೆದ್ದು ಕೂತೆ. "ಸಾಬರೇ, ಆ ತಿರುಪು ಬಿಗಿ ಮಾಡಿಸಿದ್ದು ನಾನೇ."

ಸಾಬರು ಅದನ್ನು ಒಂದಿಷ್ಟು ಸಡಿಲಿಸಿದರು. ಮುಳ್ಳು ಸರ್ರನೆ ಮೇಲೇರಿತು. ಕಾರು ಹೊರಡಿಸಿದರೆ ಮತ್ತೆ ಅದೇ ಟಿಕ್ ಟಿಕ್.

"ಸದ್ದು ಬಂತಲ್ಲ, ಸಾಬರೇ," ಎಂದೆ, ಹಳೇ ಚಾಳಿ.

"ಬರ್ಲಿ ಬಿಡಿ, ರಾಯರೇ. ಸುಮ್ಮನಿದ್ದಾಗ ದಿಬ್ಬ ಹತ್ತಿತ್ತಾ?"