ಆನೆಬಂಡೆಗೆ ಯಾರೂ ಈಜದ ಸೋಮವಾರ

ಆಷಾಢದ ತುಂಗಭದ್ರೆ ಕೆಂಪಾಗಿ, ದಡ ತುಂಬಿ ಹರಿಯುತ್ತಿದ್ದಳು. ಹೊಳೆದಂಡೆಯ ಆ ಆಶ್ರಮದಲ್ಲಿ ಅಡುಗೆಮನೆಯೊಳಗೆ ಕೂತರೂ ನೀರಿನ ಸದ್ದು ಕೇಳುತ್ತಿತ್ತು.

ಆಶ್ರಮದ ದೊಡ್ಡ ಹುಡುಗರಲ್ಲಿ ಒಂದು ವಾಡಿಕೆಯಿತ್ತು. ಹೊಳೆ ಕೆಂಪಾದ ಮೇಲೆ ಬರುವ ಮೊದಲ ಸೋಮವಾರ ನಡುನೀರಿನ ಆನೆಬಂಡೆಯವರೆಗೆ ಈಜಿ, ಬಂಡೆ ಮುಟ್ಟಿ ಹಿಂದಿರುಗಬೇಕು. ಇಳಿಯದವನಿಗೆ ವರ್ಷವಿಡೀ ‘ದಡಗಪ್ಪೆ’ ಎಂದೇ ಹೆಸರು.

ಕೊಟ್ರೇಶ ಬೆಸ್ತರ ಮನೆಯ ಹುಡುಗ. ಹೋದ ವರ್ಷ ಎಲ್ಲರಿಗಿಂತ ಮೊದಲು ಬಂಡೆ ಮುಟ್ಟಿದವನು ಅವನೇ.

ಈ ಸಲ ಭಾನುವಾರ ಬೆಳಿಗ್ಗೆ ಅವನು ಹೊಳೆಯ ಕಡೆ ನೋಡಿದ. ಬೇರುಸಮೇತ ತೇಲಿಬಂದ ಹುಣಸೆಮರವೊಂದು ಆನೆಬಂಡೆಗೆ ಸಿಕ್ಕಿಕೊಂಡು ನಿಂತಿತ್ತು. ನೀರು ಅದರ ಕೊಂಬೆಗಳ ಅಡಿಗೆ ನುಗ್ಗಿ ಹೋಗುತ್ತಿತ್ತು. ಅಲ್ಲಿ ಸಿಕ್ಕಿದವನು ಮೇಲೇಳುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

“ಬಂಡೆ ಹತ್ತಿರ ಮರ ಸಿಕ್ಕೊಂಡಿದೆ, ಗೋಣಿಬಸವ,” ಎಂದ.

ಗೋಣಿಬಸವ ಆ ಗುಂಪಿನ ಮುಂದಾಳು. “ಯಾಕೆ, ಹೆದರಿಕೆಯಾ?” ಎಂದು ಕೇಳಿದ.

ಉಳಿದವರು ನಕ್ಕರು. ಕೊಟ್ರೇಶನೂ ನಕ್ಕುಬಿಟ್ಟ.

“ನಂಗಾ? ನಾಳೆ ಮೊದಲು ಇಳಿಯೋನೇ ನಾನು.”

ಮಾತು ಬಾಯಿಂದ ಜಾರಿಹೋಗಿತ್ತು. ಹಿಂದಿನಿಂದ ಇನ್ನೊಂದು ದನಿ ಬಂತು.

“ಕೊಟ್ರಣ್ಣ ಇಳಿದ್ರೆ ನಾನೂ ಇಳೀತೀನಿ.”

ಹಾಲೇಶ. ಆಶ್ರಮಕ್ಕೆ ಹೊಸಬ. ಈ ಬೇಸಿಗೆಯಲ್ಲಷ್ಟೇ ಗುಡಿಯ ಪುಷ್ಕರಣಿಯಲ್ಲಿ ಕೈಕಾಲು ಬಡಿಯುವುದನ್ನು ಕಲಿತಿದ್ದ.

ಕೊಟ್ರೇಶನಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಎದ್ದು ಗುರುಗಳ ಬಳಿಗೆ ಹೋದ. ಅವರನ್ನು ಹುಡುಗರೆಲ್ಲ ಅಜ್ಜಯ್ಯ ಎಂದು ಕರೆಯುತ್ತಿದ್ದರು. ಅಜ್ಜಯ್ಯ ಜಗಲಿಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದರು.

“ಅಜ್ಜಯ್ಯ, ನಾಳೆ ಎಲ್ಲರೂ ಆನೆಬಂಡೆಗೆ ಈಜ್ತಾರೆ. ನನಗೆ ಬೇಡ ಅನ್ನಿಸ್ತಿದೆ. ಆದರೆ ಎಲ್ಲರಿಗೂ ಬೇಕಾಗಿದೆ.”

“ಎಲ್ಲರೂ ಅನ್ನೋ ಹೆಸರಿನ ಹುಡುಗನನ್ನ ನಾನು ಸೇರಿಸಿಕೊಂಡ ನೆನಪಿಲ್ಲವಲ್ಲ.”

“ನೀವೊಂದು ಮಾತು ಬೇಡ ಅಂದರೆ ಸಾಕು, ಇದು ನಿಲ್ಲುತ್ತೆ.”

“ಹೋದ ವರ್ಷ ಅಂದಿದ್ದೆನಲ್ಲ.”

ಕೊಟ್ರೇಶ ತಲೆ ತಗ್ಗಿಸಿದ.

ಅಜ್ಜಯ್ಯ ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದರು. “ಅವರನ್ನೇ ಕೇಳಿಕೊಂಡು ಬಾ, ಯಾರಿಗೆ ಬೇಕಾಗಿದೆ ಅಂತ. ಒಬ್ಬೊಬ್ಬನನ್ನೇ ಕೇಳು. ಇಬ್ಬರು ಜೊತೆಗಿದ್ದಾಗ ಬಾಯಿ ಬಿಡಬೇಡ.”

ಕೊಟ್ರೇಶ ಹೊರಟ. ಕೊಟ್ಟಿಗೆಯಲ್ಲಿ ತಿಪ್ಪೇಶ ಸಗಣಿ ಬಾಚುತ್ತಿದ್ದ.

“ನಿಜ ಹೇಳ್ಲಾ?” ಎಂದ ತಿಪ್ಪೇಶ. “ನಂಗೂ ಇಳಿಯೋ ಮನಸ್ಸಿಲ್ಲ. ಆದರೆ ನೀನು ಮೊದಲು ಇಳೀತೀನಿ ಅಂದ್ಯಲ್ಲ, ಮಾರಾಯ. ಇನ್ನು ನಾನು ಹೇಗೆ ಬಿಡಲಿ?”

ಹೂದೋಟದಲ್ಲಿ ಹಾಲೇಶ ಸಿಕ್ಕ. ಅವನು ಸುತ್ತ ನೋಡಿ ಮೆಲ್ಲಗೆ ಹೇಳಿದ: “ನಂಗೆ ನೀರು ಕಂಡ್ರೆ ಈಗಲೂ ಭಯ, ಕೊಟ್ರಣ್ಣ. ಆದರೆ ಈ ಒಂದು ಸಲ ಇಳಿದ್ರೆ ಇವರು ನನ್ನನ್ನ ಸೇರಿಸ್ಕೋತಾರೆ.”

ಇನ್ನೂ ಕೆಲವರನ್ನು ಕೇಳಿದ. ಕೊನೆಗೆ ಗೋಣಿಬಸವನ ಬಳಿ ಹೋದ. ಅವನು ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದ. ಕೈಯ ಪಂಚೆಯನ್ನು ಇನ್ನೊಮ್ಮೆ ಕಲ್ಲಿಗೆ ಬಡಿದ.

“ಮರ ನಾನೂ ನೋಡಿದೀನಿ,” ಎಂದ ಆಮೇಲೆ. “ನಮ್ಮಣ್ಣ ಇಲ್ಲಿದ್ದಾಗ ಶುರು ಮಾಡಿದ್ದು ಇದು. ನನ್ನ ಕಾಲಕ್ಕೆ ನಿಂತುಹೋದರೆ ಅವನ ಮುಂದೆ ಹೆಂಗೆ ಮುಖ ತೋರಿಸಲಿ?” ಒದ್ದೆ ಪಂಚೆಯನ್ನು ಗಟ್ಟಿಯಾಗಿ ಹಿಂಡಿದ. “ಇದನ್ನ ಯಾರಿಗಾದ್ರೂ ಹೇಳಿದ್ರೆ ನಿನ್ನ ಸುಮ್ನೆ ಬಿಡಲ್ಲ.”

ಕೊಟ್ರೇಶ ಜಗಲಿಗೆ ಮರಳಿ ಬಂದ.

“ಯಾರಿಗೂ ಬೇಡ, ಅಜ್ಜಯ್ಯ.”

“ಯಾರಿಗೂ ಬೇಡ. ಆದರೆ ಎಲ್ಲರೂ ಹೋಗ್ತಾರೆ.”

“ಹೌದು.”

“ಹಾಗಾದರೆ ನಾಳೆ ಹಾಲೇಶನನ್ನ ನೀರಿಗೆ ಇಳಿಸುವವರು ಯಾರು?”

ಕೊಟ್ರೇಶ ಗೋಣಿಬಸವನ ಹೆಸರು ಹೇಳಲು ಬಾಯಿ ತೆರೆದ. ತಿಪ್ಪೇಶನ ಹೆಸರೂ ನಾಲಿಗೆಗೆ ಬಂತು. ಎರಡನ್ನೂ ನುಂಗಿಕೊಂಡ.

“ನಾನು,” ಎಂದ.

ಅಜ್ಜಯ್ಯ ಮೊರ ಎತ್ತಿಕೊಂಡು ಒಳಗೆ ಹೋದರು.

ಸೋಮವಾರ ಪೂಜೆ ಮುಗಿಸಿ ಹುಡುಗರು ಹೊಳೆಗೆ ಬಂದರು. ಅಂಗಿ ಕಳಚಿ ದಡದ ಮೇಲೆ ಹಾಕಿದರು. ಒಬ್ಬೊಬ್ಬರೇ ಮೊಣಕಾಲುದ್ದ ನೀರಿಗೆ ಇಳಿದು ನಿಂತರು. ಎಲ್ಲರ ಕಣ್ಣೂ ಕೊಟ್ರೇಶನ ಮೇಲಿತ್ತು.

ಕೊಟ್ರೇಶ ಅಂಗಿ ಕಳಚಲಿಲ್ಲ. ಮರಳ ಮೇಲೆ ಕೂತ.

“ಏನದು? ಎದ್ದೇಳು,” ಎಂದ ಗೋಣಿಬಸವ.

“ಏಳಲ್ಲ. ನಾನು ಇವತ್ತು ಈಜಲ್ಲ.”

“ನಿನ್ನೆ ಮೊದಲು ಇಳೀತೀನಿ ಅಂದಿದ್ದೆ.”

“ಅಂದಿದ್ದೆ. ಅದು ನಿಮ್ಮ ನಗುವಿಗೆ ಹೆದರಿ ಆಡಿದ ಮಾತು. ಈಗ ವಾಪಸು ತಗೋತೀನಿ.”

ಯಾರೋ ‘ದಡಗಪ್ಪೆ’ ಎಂದರು. ಇನ್ನೊಬ್ಬ ವಟಗುಟ್ಟಿ ತೋರಿಸಿದ. ನಗು ಎದ್ದಿತು. ಒಂದು ಹಿಡಿ ಕೆಸರು ಬಂದು ಕೊಟ್ರೇಶನ ಎದೆಗೆ ಬಿತ್ತು.

ಅವನ ಕಿವಿ ಕಾದ ಹೆಂಚಿನಂತೆ ಸುಡುತ್ತಿತ್ತು. ಒಂದೊಂದು ಮಾತು ಸಾಕಿತ್ತು. ನಿನ್ನೆ ಕೊಟ್ಟಿಗೆಯಲ್ಲಿ ನೀನು ಹೇಳಿದ್ದೇನು, ಬಾವಿಕಟ್ಟೆಯಲ್ಲಿ ನೀನು ಹೇಳಿದ್ದೇನು ಎಂದು ಕೇಳಿದ್ದರೆ ಆ ನಗು ಅಲ್ಲೇ ಸಾಯುತ್ತಿತ್ತು. ಆದರೆ ಅವರು ನಂಬಿ ಹೇಳಿದ್ದರು. ಅವನು ಹಲ್ಲು ಕಚ್ಚಿ ಸುಮ್ಮನಾದ.

“ಈಜು ಮರೆತುಹೋಗಿದೆ ಅಂತ ಒಪ್ಕೋ, ಬಿಟ್ಟುಬಿಡ್ತೀವಿ,” ಎಂದ ಗೋಣಿಬಸವ.

“ಮರೆತಿಲ್ಲ. ನಿಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತೆ. ಬರೋದರಿಂದಲೇ ಇಳಿಯಲ್ಲ ಅಂತಿದೀನಿ.” ಅಷ್ಟಕ್ಕೆ ನಿಲ್ಲಿಸಲಿಲ್ಲ. “ಕಪ್ಪೆ ಅಂತೀರಾ, ಅನ್ನಿ. ವರ್ಷವಿಡೀ ಕರೀರಿ, ಕರೆದಾಗಲೆಲ್ಲ ಓ ಅಂತೀನಿ. ನೀರಿಗೆ ಮಾತ್ರ ಇಳಿಯಲ್ಲ.”

ಆಮೇಲೆ ಅವನು ಹೊಸಬನ ಕಡೆ ತಿರುಗಿದ.

“ಹಾಲೇಶ, ನಾನು ಇಳಿಯಲಿಲ್ಲ. ಈಗ ನೀನು?”

ಹಾಲೇಶ ಹೊಳೆಯನ್ನು ನೋಡಿದ. ಗುಂಪನ್ನು ನೋಡಿದ. ಒಂದು ಹೆಜ್ಜೆ ಹಿಂದಿಟ್ಟ, ಇನ್ನೊಂದನ್ನೂ ಇಟ್ಟ. ದಡಕ್ಕೆ ಬಂದು, ಕೊಟ್ರೇಶನಿಂದ ತುಸು ದೂರದಲ್ಲೇ ಕೂತ.

ತಿಪ್ಪೇಶ ಯಾರ ಮುಖವನ್ನೂ ನೋಡದೆ ತನ್ನ ಅಂಗಿ ಎತ್ತಿಕೊಂಡ. ಅವನ ಹಿಂದೆ ಮತ್ತೊಬ್ಬ. ಆಮೇಲೆ ಉಳಿದವರು.

ನೀರಿನಲ್ಲಿ ಗೋಣಿಬಸವನೊಬ್ಬನೇ ಉಳಿದ. ಹಾಗೇ ನಿಂತಿದ್ದು ಕಡೆಗೆ ಮೇಲೆ ಬಂದ. ಕೊಟ್ರೇಶನ ಎದುರು ನಿಂತು ಹೇಳಿದ:

“ನಿನ್ನಿಂದ ವಾಡಿಕೆ ಮುರೀತು.”

“ಹೌದು, ನನ್ನಿಂದಲೇ. ನಿಮ್ಮಣ್ಣ ಕೇಳಿದ್ರೆ ನನ್ನ ಹೆಸರು ಹೇಳು.”

ಗೋಣಿಬಸವ ಅಂಗಿಯನ್ನು ಹೆಗಲಿಗೆ ಎಸೆದುಕೊಂಡು ಹೋಗಿಬಿಟ್ಟ. ಗುಂಪು ಅವನ ಹಿಂದೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಹಾಲೇಶನೂ ಹೋದ.

ಕೊಟ್ರೇಶ ಎದೆಯ ಕೆಸರು ತೊಳೆದುಕೊಳ್ಳಲು ಹೊಳೆ ಹರಿಯುವ ದಿಕ್ಕಿಗೆ ತುಸು ಕೆಳಗೆ ನಡೆದ. ಲಕ್ಕಿಪೊದೆಯ ಮರೆಯಲ್ಲಿ ಒಂದು ಹರಿಗೋಲು ಕಂಡಿತು. ಅಂಬಿಗರ ದುರುಗಪ್ಪ ಹುಟ್ಟು ಹಿಡಿದು ಕೂತಿದ್ದ. ಅವನ ಪಕ್ಕದಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅಜ್ಜಯ್ಯ.

“ಯಾವಾಗಿನಿಂದ ಇಲ್ಲಿದೀರಿ?” ಕೊಟ್ರೇಶನಿಗೆ ಸಿಟ್ಟು ಒತ್ತರಿಸಿ ಬಂತು.

“ಬೆಳಕು ಹರಿಯೋಕೆ ಮುಂಚೆಯಿಂದ,” ಎಂದ ದುರುಗಪ್ಪ. “ಯಾರಾದ್ರೂ ಕೊಚ್ಚಿಬಂದ್ರೆ ಎತ್ತಬೇಕು ಅಂತ ಇವರು ಬಿಡಲಿಲ್ಲ.”

“ಹರಿಗೋಲು ಇರುತ್ತೆ ಅಂತ ನನಗೊಂದು ಮಾತು ಹೇಳಬಹುದಿತ್ತು, ಅಜ್ಜಯ್ಯ.”

“ಹೇಳಿದ್ದರೆ ನೀನು ಧೈರ್ಯವಾಗಿ ಇಳಿದುಬಿಡುತ್ತಿದ್ದೆ,” ಎಂದರು ಅಜ್ಜಯ್ಯ, ಸೊಂಟದ ಗಂಟು ಬಿಚ್ಚುತ್ತ.

ಅಂದಿನಿಂದ ಹುಡುಗರು ಅವನ ಜೊತೆ ಮಾತು ಬಿಟ್ಟರು. ಕೊಟ್ರೇಶ ಬಂದು ಕೂತರೆ ಪಕ್ಕದವನು ಚಾಪೆ ಎಳೆದುಕೊಂಡು ಸರಿಯುತ್ತಿದ್ದ. ಕಪ್ಪೆ ಎಂದು ಕರೆದರೆ ಅವನು ಓ ಎನ್ನುತ್ತಿದ್ದ. ಹಾಲೇಶ ಕೂಡ ಅವನನ್ನು ಕಂಡರೆ ದಾರಿ ಬದಲಿಸುತ್ತಿದ್ದ. ಅದು ಮಾತ್ರ ಕೊಟ್ರೇಶನಿಗೆ ಕೆಸರಿಗಿಂತ ಹೆಚ್ಚು ತಾಗಿತು.

ಆ ವಾರದ ಕೊನೆಗೆ ಅವನು ಮತ್ತೆ ಅಜ್ಜಯ್ಯನವರ ಎದುರು ಬಂದು ನಿಂತ.

“ಮುಂದಿನ ವರ್ಷ ಕರೆದರೂ ನಾನು ದಡದಲ್ಲೇ ಕೂರ್ತೀನಿ, ಅಜ್ಜಯ್ಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರೂ ನನ್ನ ಹತ್ತಿರ ಮಾತಾಡ್ತಿಲ್ಲ. ನಾನು ಗೆದ್ದೆನೋ ಸೋತೆನೋ, ಅದು ತಿಳೀತಿಲ್ಲ.”

ಅಜ್ಜಯ್ಯ ಕೇಳಿದರು:

“ಇವತ್ತು ಊಟಕ್ಕೆ ಬಡಿಸಿದವನು ಯಾರು?”

“ನಾನೇ.”

“ಸೋಮವಾರ ಹೊಳೆಗೆ ಹೋದವರಲ್ಲಿ ಯಾರ ಜಾಗವಾದರೂ ಪಂಕ್ತಿಯಲ್ಲಿ ಖಾಲಿ ಇತ್ತೇ?”